ಸ್ಕೋರರ್ ಮೇಜಿನಿಂದಲೇ ತಕರಾರು ಬಂದರೆ: ಸಾಫ್ಟ್‌ಬಾಲ್ ಅಂಪೈರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಈ ಸೀಸನ್ನಿನಲ್ಲಿ ಹೊಸ ಅಂಪೈರ್‌ಗಳಿಂದ ನನಗೆ ಬಂದ ಫೋನುಗಳಲ್ಲಿ ಜಾಸ್ತಿ ಒಂದೇ ದೂರು. ‘ಸರ್, ಪಿಚರ್ ಸರಿ ಇದ್ದ, ಕೋಚ್ ಕೂಡ ಸುಮ್ನಿದ್ದರು. ಸ್ಕೋರರ್ ಮಾತ್ರ ತಲೆ ತಿಂದುಬಿಟ್ಟರು.’ ಆಮೇಲೆ ನೀವೇನು ಮಾಡಿದಿರಿ ಎಂದು ಕೇಳಿದರೆ ಎರಡೇ ಉತ್ತರ. ಕೆಲವರು ಏಳು ಇನಿಂಗ್ಸ್ ಮುಗಿಯುವ ತನಕ ಹಲ್ಲು ಕಚ್ಚಿಕೊಂಡು ನಿಂತಿದ್ದಾರೆ. ಉಳಿದವರು ಆಟ ನಡೆಯುತ್ತಿರುವಾಗಲೇ ಮೇಜಿನ ಹತ್ತಿರ ಹೋಗಿ ಕೂಗಾಡಿದ್ದಾರೆ. ಎರಡೂ ಕಡೆ ಪಂದ್ಯ ಮುಗಿದದ್ದು ಸ್ಕೋರ್ ಶೀಟಿನ ಮೇಲಿನ ಜಗಳದಲ್ಲೇ.

ಮುಂಬೈ ಮೈದಾನಗಳಲ್ಲಿ ಶಾಲೆ, ಕಾಲೇಜು, ಆಫೀಸ್ ಟೂರ್ನಮೆಂಟ್‌ಗಳಿಗೆ ನಿಲ್ಲುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಸ್ಕೋರರ್ ಎಂದರೆ ಯಾರು? ಪಿಟಿ ಮೇಷ್ಟ್ರು, ಕಾಲು ಉಳುಕಿ ಕೂತ ಆಟಗಾರ, ಇಲ್ಲವೇ ಯಾರದೋ ಅಣ್ಣ. ಸಂಬಳ ಇಲ್ಲ, ತಲೆ ಮೇಲೆ ನೆರಳೂ ಇಲ್ಲ. ಅವರ ಅರ್ಧ ತಕರಾರಿಗೆ ನಮ್ಮ ಅರೆಬರೆ ಸನ್ನೆಯೇ ಕಾರಣ ಎಂಬುದು ನನ್ನ ಅನುಭವ. ಉಳಿದರ್ಧಕ್ಕೆ ಮದ್ದು ಇದೆ. ಆದರೆ ಅದನ್ನು ಕ್ರಮವಾಗಿ ಕೊಡಬೇಕು. ಮೂರನೇ ಹೆಜ್ಜೆಯನ್ನು ಮೊದಲು ಇಟ್ಟರೆ ಕೆಟ್ಟಿತು.

ಜೇಬಿನಲ್ಲಿ ಇರಬೇಕಾದದ್ದು

ಬಾಲ್, ಸ್ಟ್ರೈಕ್, ಔಟ್ ಎಣಿಸುವ ಕ್ಲಿಕ್ಕರ್. ಎರಡು ಪೆನ್ನು, ಪೆನ್ಸಿಲ್ ಬೇಡ. ಎರಡೂ ತಂಡಗಳ ಲೈನ್‌ಅಪ್ ಕಾರ್ಡ್. ಅಂಗೈ ಅಗಲದ ಒಂದು ನೋಟ್‌ಬುಕ್. ಆ ಟೂರ್ನಮೆಂಟಿನ ನಿಯಮದ ಹಾಳೆ. ಎಷ್ಟು ರನ್ ಮುಂದಿದ್ದರೆ ಪಂದ್ಯ ಬೇಗ ಮುಗಿಯುತ್ತದೆ ಎಂಬ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಅದನ್ನು ಸ್ಕೋರರ್ ಬಾಯಿಂದ ಕೇಳಿ ತಿಳಿಯುವ ಸ್ಥಿತಿಗೆ ಬರಬೇಡಿ.

ಹಂತ 1: ಆ ಕುರ್ಚಿಯಲ್ಲಿ ಕೂತವರು ಯಾರ ಕಡೆಯವರು?

ಬಹಳ ಜನ ಎಡವುವುದು ಇಲ್ಲೇ. ಸ್ಕೋರರ್‌ನಲ್ಲಿ ಎರಡು ಬಗೆ. ಒಬ್ಬರು ಆಯೋಜಕರು ನೇಮಿಸಿದ ಅಧಿಕೃತ ಸ್ಕೋರರ್. ಇನ್ನೊಬ್ಬರು ತಂಡದ ಬೆಂಚಿನಲ್ಲಿ ಕೂತು ತಮ್ಮ ತಂಡಕ್ಕಾಗಿ ಪುಸ್ತಕ ಬರೆಯುವವರು. ಅಧಿಕೃತರು ಯಾರೂ ಇಲ್ಲದ ಸಣ್ಣ ಟೂರ್ನಮೆಂಟಿನಲ್ಲಿ ಹೋಂ ಟೀಮಿನ ಪುಸ್ತಕವನ್ನೇ ಅಧಿಕೃತ ಎಂದು ಹಿಡಿಯುವುದು ರೂಢಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ತಂಡದವರಾದರೆ ಅವರು ನಿಮ್ಮ ಅಧಿಕಾರದೊಳಗೆ ಬರುತ್ತಾರೆ. ಕೋಚ್, ಆಟಗಾರರಿಗೆ ಎಚ್ಚರಿಕೆ ಕೊಡುವ ಹಾಗೆ ಅವರಿಗೂ ಕೊಡಬಹುದು, ಮೀರಿದರೆ ಹೊರಗೂ ಕಳಿಸಬಹುದು. ಆಯೋಜಕರು ಕೂರಿಸಿದವರಾದರೆ ಅವರೂ ನಿಮ್ಮ ಹಾಗೆಯೇ ಪಂದ್ಯದ ಅಧಿಕಾರಿ. ಅವರನ್ನು ಎಬ್ಬಿಸಬೇಕಾದರೆ ಆಯೋಜಕರ ಮೂಲಕವೇ ಹೋಗಬೇಕು. ಹಾಗಾಗಿ ಮೈದಾನಕ್ಕೆ ಕಾಲಿಟ್ಟ ಕೂಡಲೇ ಕೇಳಿ: ಪುಸ್ತಕ ಯಾರದು, ಕೂರಿಸಿದ್ದು ಯಾರು, ತಕರಾರು ಬಂದರೆ ಯಾರಿಗೆ ಹೇಳಬೇಕು? ಆ ಮೂರನೆಯವರ ಫೋನ್ ನಂಬರ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹಂತ 2: ಮೇಜು ಎಲ್ಲಿದೆ ನೋಡಿ

ಮೇಜು ಹೋಂ ಪ್ಲೇಟಿನ ಹಿಂದೆ, ಬ್ಯಾಕ್‌ಸ್ಟಾಪ್ ಬಲೆಯ ಆಚೆ ಇರಬೇಕು. ಯಾವ ತಂಡದ ಬೆಂಚಿಗೂ ತಾಗಿಕೊಂಡಿರಬಾರದು. ನಮ್ಮ ಮೈದಾನಗಳಲ್ಲಿ ನೆರಳು ಇರುವ ಕಡೆ ಮೇಜು ಹೋಗುತ್ತದೆ, ನೆರಳು ಇರುವ ಕಡೆಯೇ ಒಂದು ತಂಡದ ಚೀಲಗಳೂ ಇರುತ್ತವೆ. ಮೂರನೇ ಇನಿಂಗ್ಸಿನ ಹೊತ್ತಿಗೆ ಸ್ಕೋರರ್ ಕೈಯಲ್ಲಿ ಆ ತಂಡದ ವಡಾಪಾವ್! ಒಂದು ಛತ್ರಿ ಕೇಳಿ ತರಿಸಿ, ಮೇಜನ್ನು ಜರುಗಿಸಿ. ಪಂದ್ಯ ಶುರುವಾಗುವ ಮುಂಚೆ ಜರುಗಿಸಿದರೆ ಅದು ವ್ಯವಸ್ಥೆ. ಶುರುವಾದ ಮೇಲೆ ಜರುಗಿಸಿದರೆ ಅದೇ ಅವಮಾನ ಅನ್ನಿಸುತ್ತದೆ.

ಹಂತ 3: ಐದು ನಿಮಿಷದ ಮಾತು

ಇದೊಂದನ್ನು ಸರಿಯಾಗಿ ಮಾಡಿದರೆ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಬೇಕಾಗುವುದೇ ಇಲ್ಲ. ಮೊದಲ ಪಿಚ್‌ಗೆ ಕಾಲು ಗಂಟೆ ಮುಂಚೆ ಮೇಜಿಗೆ ಹೋಗಿ, ನಮಸ್ಕಾರ ಹೇಳಿ ಪಕ್ಕದಲ್ಲಿ ಕೂತುಕೊಳ್ಳಿ. ನಿಂತುಕೊಂಡು ಮಾತಾಡಬೇಡಿ. ಲೈನ್‌ಅಪ್ ಕಾರ್ಡನ್ನು ಪುಸ್ತಕದ ಜೊತೆ ಹೆಸರು ಹೆಸರಾಗಿ ತಾಳೆ ನೋಡಿ. ಹತ್ತು ಹೆಸರು ಕಂಡರೆ ಗಾಬರಿ ಬೇಡ. ತಂಡ ಡಿಪಿ, ಅಂದರೆ ಇನ್ನೊಬ್ಬರ ಬದಲು ಬ್ಯಾಟ್ ಮಾಡುವ ಆಟಗಾರನನ್ನು ಬಳಸುತ್ತಿದ್ದರೆ, ಆ ಇನ್ನೊಬ್ಬರೇ ಹತ್ತನೆಯವರು, ಫ್ಲೆಕ್ಸ್. ಅವರು ಫೀಲ್ಡಿಂಗ್ ಮಾಡುತ್ತಾರೆ, ಬ್ಯಾಟಿಂಗ್ ಸರದಿಯಲ್ಲಿ ಇರುವುದಿಲ್ಲ. ಇದು ಗೊತ್ತಿಲ್ಲದ ಸ್ಕೋರರ್ ಹತ್ತು ಜನರನ್ನೂ ಸರದಿಯಲ್ಲಿ ಬರೆದು, ಆಮೇಲೆ ನಿಮ್ಮ ಮೇಲೆ ಎಗರುತ್ತಾರೆ. ಹಾಗೆಯೇ, ಮೊದಲಿಗೆ ಆಡಿದ ಆಟಗಾರ ಹೊರಗೆ ಹೋದರೆ ಒಂದು ಸಲ ಮತ್ತೆ ಒಳಗೆ ಬರಬಹುದು, ಅದೇ ಸರದಿಯ ಜಾಗಕ್ಕೆ. ಇದನ್ನೂ ಒಮ್ಮೆ ನೆನಪಿಸಿ.

ಆಮೇಲೆ ಯಾವಾಗ ಬಾಯಿ ಬಿಡಬೇಕು, ಯಾವಾಗ ಬಿಡಬಾರದು ಎಂದು ಹೇಳಿ. ನಾನು ಹೇಳುವುದು ಹೀಗೆ.

‘ಎರಡೇ ಔಟ್ ಆಗಿದ್ದಾಗ ತಂಡಗಳು ಬದಲಾಗಲು ಹೊರಟರೆ ತಕ್ಷಣ ನನ್ನನ್ನು ಕರೆಯಿರಿ. ನಾನು ಹೇಳಿದ ಬದಲಿ ಆಟಗಾರನ ನಂಬರ್ ಕೇಳಿಸದಿದ್ದರೆ ಕೈ ಎತ್ತಿ, ನಾನೇ ಬರುತ್ತೇನೆ. ಆದರೆ ಬ್ಯಾಟಿಂಗ್ ಸರದಿ ತಪ್ಪಿದ್ದು ಕಂಡರೆ ಯಾರಿಗೂ ಹೇಳಬೇಡಿ. ನನಗೂ ಬೇಡ. ಅದನ್ನು ಕಂಡುಹಿಡಿದು ಅಪೀಲು ಮಾಡಬೇಕಾದದ್ದು ಫೀಲ್ಡಿಂಗ್ ತಂಡ. ಹೇಳದೆ ಬದಲಿ ಆಟಗಾರ ಬಂದಿದ್ದರೂ ಅಷ್ಟೇ, ಕಂಡುಹಿಡಿಯಬೇಕಾದದ್ದು ಎದುರು ತಂಡ.’

ಇನ್ನೊಂದು ಗಡಿಯನ್ನೂ ಆಗಲೇ ಎಳೆದುಬಿಡಿ. ಔಟ್, ಸೇಫ್, ಬಾಲ್, ಸ್ಟ್ರೈಕ್, ರನ್ ಇದೆಯೋ ಇಲ್ಲವೋ, ಇಷ್ಟು ನಿಮ್ಮದು. ಬ್ಯಾಟರ್ ಬೇಸ್ ತಲುಪಿದ್ದು ತನ್ನ ಹೊಡೆತದಿಂದಲೋ (ಹಿಟ್) ಫೀಲ್ಡರ್ ತಪ್ಪಿನಿಂದಲೋ (ಎರರ್), ಕ್ಯಾಚರ್ ಕೈಗೆ ಸಿಗದ ಚೆಂಡು ಕ್ಯಾಚರ್ ತಪ್ಪೋ (ಪಾಸ್ಡ್ ಬಾಲ್) ಪಿಚರ್ ತಪ್ಪೋ (ವೈಲ್ಡ್ ಪಿಚ್), ಅದು ಅವರದು. ‘ಆ ಕಡೆಗೆ ನಾನು ತಲೆ ಹಾಕುವುದಿಲ್ಲ’ ಎಂದು ನೀವೇ ಮೊದಲು ಹೇಳಿದರೆ ಎದುರಿನವರ ಮುಖ ಸಡಿಲವಾಗುವುದು ಕಾಣುತ್ತದೆ.

ನಮ್ಮವರಿಗೆ ಒಂದು ಕಿವಿಮಾತು. ಸ್ಕೋರರ್ ಕನ್ನಡದವರು ಎಂದು ಗೊತ್ತಾದ ಕೂಡಲೇ ‘ಊರು ಯಾವುದು ಮಾರಾಯ್ರೆ?’ ಎಂದು ಶುರುವಾಗುತ್ತದೆ, ಅಲ್ವಾ? ಮಾಟುಂಗದಲ್ಲಿ ಕಾಫಿ ಕುಡಿಯುವಾಗ ಚೆಂದ. ಮೈದಾನದಲ್ಲಿ ಎದುರು ತಂಡದ ಕೋಚ್ ನೋಡುತ್ತಿರುತ್ತಾರೆ. ಅವರಿಗೆ ಅರ್ಥವಾಗದ ಭಾಷೆಯಲ್ಲಿ ಅಂಪೈರ್ ಮತ್ತು ಸ್ಕೋರರ್ ನಗುನಗುತ್ತಾ ಮಾತಾಡಿದರೆ, ಮುಂದೆ ಆಗುವ ಪ್ರತಿ ಔಟಿಗೂ ಬೇರೆ ಅರ್ಥ ಬರುತ್ತದೆ. ಪಂದ್ಯದ ಮಾತೆಲ್ಲ ಇಬ್ಬರಿಗೂ ತಿಳಿಯುವ ಹಿಂದಿಯಲ್ಲೋ ಮರಾಠಿಯಲ್ಲೋ ಇರಲಿ. ಊರಿನ ಸುದ್ದಿ ಆಟ ಮುಗಿದ ಮೇಲೆ.

ಹಂತ 4: ಮೊದಲು ನಿಮ್ಮ ಸನ್ನೆ ಸರಿ ಇರಲಿ

ಒಂದು ಉದಾಹರಣೆ ನೋಡಿ. ಎರಡು ಔಟ್ ಆಗಿದೆ. ಮೊದಲ ಮತ್ತು ಎರಡನೇ ಬೇಸಿನಲ್ಲಿ ರನ್ನರ್‌ಗಳಿದ್ದಾರೆ. ಬ್ಯಾಟರ್ ಬಲಕ್ಕೆ ಹೊಡೆದ ಚೆಂಡು ಹುಲ್ಲಿನ ಮೇಲೆ ಉರುಳುತ್ತದೆ. ಎರಡನೇ ಬೇಸಿನವನು ಹೋಂ ಕಡೆ ಓಡುತ್ತಾನೆ. ಮೊದಲ ಬೇಸಿನವನು ಆಸೆಬುರುಕ, ಎರಡನ್ನು ದಾಟಿ ಮೂರನೇ ಬೇಸಿಗೂ ಹೋಗುತ್ತಾನೆ. ಅಲ್ಲಿ ಟ್ಯಾಗ್, ಅಂದರೆ ಫೀಲ್ಡರ್ ಚೆಂಡು ಹಿಡಿದು ಅವನನ್ನು ಮುಟ್ಟುತ್ತಾನೆ, ಮೂರನೇ ಔಟ್. ಹಿಂದಿನವನಿಗೆ ಜಾಗ ಬಿಡಲು ಓಡಲೇಬೇಕಾದವನು ಔಟ್ ಆದರೆ ಫೋರ್ಸ್ ಔಟ್. ಇವನು ಎರಡನೇ ಬೇಸಿನಲ್ಲೇ ನಿಲ್ಲಬಹುದಿತ್ತು, ಹಾಗಾಗಿ ಇದು ಫೋರ್ಸ್ ಔಟ್ ಅಲ್ಲ. ಟ್ಯಾಗ್ ಬೀಳುವ ಮುಂಚೆ ಮುಂದಿನವನು ಹೋಂ ಪ್ಲೇಟ್ ಮುಟ್ಟಿದ್ದರೆ ರನ್ ಇದೆ, ಆಮೇಲೆ ಮುಟ್ಟಿದ್ದರೆ ಇಲ್ಲ. ಮೂರನೇ ಔಟ್ ಫೋರ್ಸ್ ಆಗಿದ್ದರೆ, ಅಥವಾ ಬ್ಯಾಟರ್ ಮೊದಲ ಬೇಸ್ ಮುಟ್ಟುವ ಮೊದಲೇ ಔಟ್ ಆಗಿದ್ದರೆ ರನ್ನಿನ ಮಾತೇ ಇಲ್ಲ.

ಮೇಜಿನಲ್ಲಿ ಕೂತವರಿಗೆ ಇದು ಹೇಗೆ ಗೊತ್ತಾಗಬೇಕು? ಅವರ ಕಣ್ಣು ಮೂರನೇ ಬೇಸಿನ ಧೂಳಿನ ಮೇಲಿರುತ್ತದೆ. ನೀವು ಪ್ಲೇಟಿನಲ್ಲಿದ್ದರೆ ಮಾಸ್ಕ್ ತೆಗೆದು, ಮೇಜಿನ ಕಡೆ ತಿರುಗಿ, ಬೆರಳು ತೋರಿಸಿ ಗಟ್ಟಿಯಾಗಿ ಹೇಳಿ: ‘ರನ್ ಇದೆ!’ ಇಲ್ಲದಿದ್ದರೆ ಎರಡೂ ಕೈ ಅಡ್ಡ ಬೀಸಿ: ‘ರನ್ ಇಲ್ಲ!’ ಅವರು ತಲೆ ಆಡಿಸುವ ತನಕ ಅಲ್ಲಿಂದ ಕದಲಬೇಡಿ. ಹೀಗೆ ಮಾಡದೆ ನೀರು ಕುಡಿಯಲು ಹೋದ ಅಂಪೈರ್‌ಗೆ ಎರಡು ಇನಿಂಗ್ಸ್ ಆದ ಮೇಲೆ ‘ಸ್ಕೋರರ್ ಒಂದು ರನ್ ಸೇರಿಸಿದ್ದಾರೆ’ ಎಂದು ದೂರುವ ಹಕ್ಕಿಲ್ಲ.

ಬದಲಿ ಆಟಗಾರರ ವಿಷಯವೂ ಹೀಗೆಯೇ. ಕೋಚ್ ನಿಮಗೆ ಹೇಳಬೇಕು, ನೀವು ಕಾರ್ಡಿನಲ್ಲಿ ಬರೆಯಬೇಕು, ಆಮೇಲೆ ಮೇಜಿಗೆ ಹೇಳಬೇಕು. ಕೋಚ್ ನೇರ ಮೇಜಿಗೆ ಹೋಗಲು ಬಿಡಬೇಡಿ.

ಪ್ರತಿ ಇನಿಂಗ್ಸ್ ಮುಗಿದಾಗ ಹತ್ತು ಸೆಕೆಂಡ್ ಮೇಜಿನತ್ತ ನೋಡಿ ಸ್ಕೋರ್ ಕೇಳಿ, ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಷ್ಟು ಸಾಕು.

ಹಂತ 5: ತಪ್ಪೋ, ಪಕ್ಷಪಾತವೋ, ಬಾಯಿಹರುಕುತನವೋ?

ಮೂರಕ್ಕೂ ಒಂದೇ ಕೋಲು ಎತ್ತಬೇಡಿ.

ತಪ್ಪು ಎಂದರೆ ಪಿಚ್ ನೋಡದೆ ಫೋನ್ ನೋಡಿದ್ದು, ಹೆಸರು ಅದಲು ಬದಲು ಆದದ್ದು, ಭಾನುವಾರದ ಮೆಗಾಬ್ಲಾಕಿನಲ್ಲಿ ರೈಲು ಸಿಗದೆ ಎರಡನೇ ಇನಿಂಗ್ಸಿಗೆ ಬಂದು, ಮೊದಲಿನದನ್ನು ಪಕ್ಕದವರ ಬಾಯಿಂದ ಕೇಳಿ ತುಂಬಿಸಿದ್ದು. ಇಂಥದ್ದನ್ನು ತಿದ್ದಿಸಿ, ಬಿಟ್ಟುಬಿಡಿ. ಬೈಯಬೇಡಿ. ಆದರೆ ಕೇಳಿ ತುಂಬಿಸಿದ ಇನಿಂಗ್ಸನ್ನು ನಿಮ್ಮ ಕಾರ್ಡಿನ ಜೊತೆ ಆಗಲೇ ತಾಳೆ ನೋಡಿ.

ಪಕ್ಷಪಾತಕ್ಕೆ ಕೆಲವು ಗುರುತುಗಳಿವೆ. ಒಂದು ತಂಡದ ರನ್ನಿಗೆ ಮಾತ್ರ ಚಪ್ಪಾಳೆ ಬೀಳುತ್ತದೆ. ಬೇಸ್ ಕೋಚ್ ಪದೇ ಪದೇ ಮೇಜಿನ ಕಡೆ ನೋಡುತ್ತಾರೆ. ನೀವು ಹೋದ ಕೂಡಲೇ ಪುಸ್ತಕ ಮುಚ್ಚುತ್ತದೆ. ರಬ್ಬರ್ ಜಾಸ್ತಿ ಓಡುತ್ತದೆ. ಈ ಕೊನೆಯದು ಕಂಡರೆ ಕಿವಿ ನೆಟ್ಟಗಾಗಲಿ.

ಬಾಯಿಹರುಕುತನ ಎಂದರೆ ನಿಮಗಿಂತ ಮೊದಲು ‘ಸ್ಟ್ರೈಕ್!’ ಎಂದು ಕೂಗುವುದು, ಔಟ್ ಕೊಟ್ಟಾಗ ‘ಕ್ಯಾ ಬಾತ್ ಹೈ ಸಾಹೇಬ್’ ಎಂದು ವ್ಯಂಗ್ಯವಾಡುವುದು, ಆಟಗಾರರನ್ನು ನಿಮ್ಮ ಮೇಲೆ ಎತ್ತಿಕಟ್ಟುವುದು.

ನನಗೆ ಆದದ್ದನ್ನು ಹೇಳುತ್ತೇನೆ. ದಾದರ್ ಕಡೆಯ ಒಂದು ಮೈದಾನ, ಆಫೀಸ್ ತಂಡಗಳ ಪಂದ್ಯ. ಸುತ್ತ ನಾಲ್ಕು ಕಡೆ ಕ್ರಿಕೆಟ್. ಸ್ಕೋರರ್ ನಮ್ಮ ಉಡುಪಿ ಕಡೆಯವರು, ವಯಸ್ಸಾದವರು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಐದನೇ ಇನಿಂಗ್ಸಿನಲ್ಲಿ ಬ್ಯಾಟರ್ ಎರಡು ಬೇಸ್‌ಗೆ ಹೊಡೆದ, ಒಂದು ರನ್ ಬಂತು. ಪಿಚರ್ ಚೆಂಡು ಹಿಡಿದು ಬೆನ್ನು ಬಗ್ಗಿಸಿದ್ದಾನೆ. ಆಗ ಮೇಜಿನಿಂದ ಕೂಗು: ‘ಅರೆ, ಯೇ ತೋ ಛೇ ನಂಬರ್ ಕಾ ಹೈ, ಪಾಂಚ್ ಕಹಾಂ ಗಯಾ?’ (ಇವನು ಸರದಿಯಲ್ಲಿ ಆರನೆಯವನು, ಐದನೆಯವನು ಎಲ್ಲಿ ಹೋದ?) ಫೀಲ್ಡಿಂಗ್ ಕೋಚ್ ಚಹಾದ ಲೋಟ ಅಲ್ಲೇ ಬಿಟ್ಟು ಓಡಿ ಬಂದರು, ಅಪೀಲು ಮಾಡಿದರು. ಮುಂದಿನ ಪಿಚ್ ಬಿದ್ದಿರಲಿಲ್ಲ. ಬಿದ್ದಿದ್ದರೆ ತಪ್ಪು ಬ್ಯಾಟರ್‌ನ ಹೊಡೆತವೂ ರನ್ನೂ ಸಕ್ರಮ ಆಗುತ್ತಿತ್ತು. ಬೀಳದ ಕಾರಣ ಬ್ಯಾಟಿಗೆ ಬರಬೇಕಿದ್ದ ಐದನೆಯವನು ಔಟ್, ರನ್ ರದ್ದು, ರನ್ನರ್ ವಾಪಸ್, ಮತ್ತೆ ಅದೇ ಆರನೆಯವನೇ ಬ್ಯಾಟಿಗೆ. ಬ್ಯಾಟಿಂಗ್ ತಂಡ ಕುದಿಯಿತು. ಕುದಿಯದೆ ಇನ್ನೇನು?

ಅಣ್ಣನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಪುಸ್ತಕ ನೇರ ಇರಬೇಕು ಎಂಬ ಹಟ ಅಷ್ಟೇ. ತಪ್ಪು ನನ್ನದು, ಹಂತ 3 ಅನ್ನು ಅವತ್ತು ನಾನು ಮಾಡಿರಲಿಲ್ಲ. ‘ಎಷ್ಟು ವರ್ಷದವರು, ಅವರಿಗೆ ನಾನೇನು ಹೇಳುವುದು’ ಎಂದು ಸಂಕೋಚಪಟ್ಟಿದ್ದೆ. ಇಂಥ ಹೊತ್ತಿನಲ್ಲಿ ಅಪೀಲನ್ನು ಒಪ್ಪಬೇಕೇ? ನಾನು ಒಪ್ಪುತ್ತೇನೆ. ಸರದಿ ತಪ್ಪಿದ್ದು ನಿಜ, ಅಪೀಲು ಬಂದದ್ದು ಸರಿಯಾದವರಿಂದ, ಸರಿಯಾದ ಹೊತ್ತಿಗೆ. ಆದರೆ ಅದೇ ನಿಮಿಷ ಹಂತ 7ಕ್ಕೆ ಹೋಗುತ್ತೇನೆ. ಇದಕ್ಕೆ ಹಂತ 6 ಸಾಲದು.

ಹಂತ 6: ಮೊದಲ ಮಾತು, ಮೆತ್ತಗೆ

ಚೆಂಡು ಆಟದಲ್ಲಿರುವಾಗ ಮೇಜಿನ ಕಡೆ ತಿರುಗಲೇಬೇಡಿ. ಇನಿಂಗ್ಸ್ ಬದಲಾಗುವಾಗ ನೀರು ಕುಡಿಯುವ ನೆಪದಲ್ಲಿ ಹೋಗಿ. ಮಾಸ್ಕ್ ಕಂಕುಳಲ್ಲಿರಲಿ. ಪುಸ್ತಕದ ಕಡೆ ಬಗ್ಗಿ ಮಾತಾಡಿ, ದೂರದಿಂದ ನೋಡಿದವರಿಗೆ ಲೆಕ್ಕ ಕೇಳುತ್ತಿದ್ದೀರಿ ಅನ್ನಿಸಬೇಕು. ಒಂದೇ ವಾಕ್ಯ ಸಾಕು: ‘ಸರ್, ಕಾಲ್ ನನ್ನ ಬಾಯಿಂದ ಬರಲಿ, ನೀವು ಬರೆದುಕೊಳ್ಳಿ.’ ಉತ್ತರ ಕಾಯಬೇಡಿ, ವಾಪಸ್ ಬನ್ನಿ. ಅಲ್ಲೇ ನಿಂತರೆ ವಾದ ಹುಟ್ಟುತ್ತದೆ.

ಆಗುವ ತಪ್ಪುಗಳು: ಸೊಂಟದ ಮೇಲೆ ಕೈ ಇಟ್ಟು ನಿಲ್ಲುವುದು, ಕೋಚ್‌ಗೆ ಹೇಳಿ ಸ್ಕೋರರ್‌ಗೆ ಬೈಸುವುದು, ‘ನಿಮಗೆ ನಿಯಮ ಗೊತ್ತಾ?’ ಎಂದು ಕೇಳುವುದು. ಈ ಕೊನೆಯ ಪ್ರಶ್ನೆಗೆ ಜಗತ್ತಿನಲ್ಲಿ ಯಾರೂ ‘ಇಲ್ಲ’ ಎಂದಿಲ್ಲ.

ಹಂತ 7: ಎರಡನೇ ಸಲ, ಎಲ್ಲರ ಎದುರು

ಟೈಂ ಕರೆಯಿರಿ. ಎರಡೂ ಕೋಚ್‌ಗಳನ್ನು ಮೇಜಿನ ಹತ್ತಿರ ಕರೆಸಿ. ಬೇಸ್ ಅಂಪೈರ್ ಇದ್ದರೆ ಅವರೂ ಪಕ್ಕದಲ್ಲಿರಲಿ. ಏನಾಯಿತು ಎಂದು ಒಂದು ಸಾಲಿನಲ್ಲಿ ಹೇಳಿ, ಮತ್ತೆ ಆದರೆ ಪುಸ್ತಕ ಬೇರೆಯವರ ಕೈಗೆ ಹೋಗುತ್ತದೆ ಎಂದು ಹೇಳಿ. ಇದು ಔಪಚಾರಿಕ ಎಚ್ಚರಿಕೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಬೇಕು. ನೋಟ್‌ಬುಕ್ಕಿನಲ್ಲಿ ಇನಿಂಗ್ಸ್, ಔಟ್, ಸ್ಕೋರ್, ಗಂಟೆ ಬರೆದುಕೊಳ್ಳಿ. ಒಟ್ಟು ಎರಡು ನಿಮಿಷ ಮೀರಬಾರದು. ಆಯೋಜಕರಿಗೆ ಆಗಲೇ ಒಂದು ಫೋನ್ ಹೋಗಲಿ, ಮುಂದಿನ ಹಂತ ಬಂದರೆ ಅವರು ಮೈದಾನದಲ್ಲಿರಬೇಕು.

ಹಂತ 8: ಪುಸ್ತಕ ಕೈ ಬದಲಾಯಿಸುವುದು

ಸ್ಕೋರರ್ ವಿಷಯದಲ್ಲಿ ಇದು ಕೊನೆಯ ಅಸ್ತ್ರ. ಬದಲಿ ಸ್ಕೋರರ್ ಸಿಗುವ ತನಕ ಇದನ್ನು ಶುರು ಮಾಡಬೇಡಿ. ಸಿಟ್ಟಿನಲ್ಲಿ ‘ಎದ್ದು ಹೋಗಿ’ ಅಂದುಬಿಟ್ಟು, ಅವರು ಪುಸ್ತಕ ಬಗಲಲ್ಲಿ ಇಟ್ಟುಕೊಂಡು ರೈಲು ಹತ್ತಿದ್ದನ್ನು ನಾನು ನೋಡಿದ್ದೇನೆ. ಆ ಪಂದ್ಯದ ಫಲಿತಾಂಶ ಎರಡು ದಿನ ಯಾರಿಗೂ ಗೊತ್ತಿರಲಿಲ್ಲ.

ಕ್ರಮ ಹೀಗಿರಲಿ. ಅರ್ಧ ಇನಿಂಗ್ಸ್ ಮುಗಿಯಲಿ. ಪುಸ್ತಕದ ಎರಡೂ ಪುಟಗಳ ಫೋಟೋ ತೆಗೆಯಿರಿ, ಎರಡೂ ಕೋಚ್‌ಗಳ ಎದುರಿಗೇ. ಕೊನೆಯ ಬ್ಯಾಟರ್ ಆದ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆದು ಇನಿಂಗ್ಸ್, ಸ್ಕೋರ್, ಮುಂದಿನ ಬ್ಯಾಟರ್ ನಂಬರ್ ಬರೆದು ನೀವು ಸಹಿ ಹಾಕಿ. ಹೋಗುತ್ತಿರುವವರ ಸಹಿಯನ್ನೂ ಕೇಳಿ. ಕೊಡದಿದ್ದರೆ ‘ಕೊಡಲಿಲ್ಲ’ ಎಂದು ಬರೆಯಿರಿ, ಒತ್ತಾಯ ಬೇಡ. ಆಯೋಜಕರು ನೇಮಿಸಿದವರಾದರೆ ‘ಎದ್ದೇಳಿ’ ಎಂಬ ಮಾತು ಆಯೋಜಕರ ಬಾಯಿಂದಲೇ ಬರಲಿ. ಹೊಸಬರು ಯಾವ ತಂಡಕ್ಕೂ ಸೇರದವರಾದರೆ ಒಳ್ಳೆಯದು. ಸಿಗದಿದ್ದರೆ ಎರಡೂ ತಂಡದಿಂದ ಒಬ್ಬೊಬ್ಬರು ಪಕ್ಕಪಕ್ಕ ಕೂತು ಒಂದೇ ಪುಸ್ತಕ ಬರೆಯಲಿ. ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡು ಕೂತಿದ್ದಾಗ ತಪ್ಪು ನುಸುಳುವುದು ಕಷ್ಟ.

ಹಂತ 9: ಸ್ಕೋರ್ ತಾಳೆ ಆಗದಿದ್ದರೆ

‘ಆರು ನಾಲ್ಕು’ ಎಂದು ಮೇಜು, ‘ಐದು ನಾಲ್ಕು’ ಎಂದು ಕೋಚ್. ನೆನಪಿನ ಮೇಲೆ ವಾದ ಮಾಡಬೇಡಿ. ಲೆಕ್ಕ ಮಾಡಿ.

ಬ್ಯಾಟಿಗೆ ಬಂದ ಪ್ರತಿಯೊಬ್ಬನಿಗೂ ಮೂರರಲ್ಲಿ ಒಂದು ಗತಿ. ಔಟ್ ಆಗಬೇಕು, ರನ್ ಆಗಬೇಕು, ಇಲ್ಲವೇ ಇನಿಂಗ್ಸ್ ಮುಗಿದಾಗ ಬೇಸಿನಲ್ಲಿ ಉಳಿದಿರಬೇಕು. ಹಾಗಾಗಿ ಔಟ್, ರನ್, ಉಳಿದವರು, ಮೂರನ್ನೂ ಕೂಡಿದರೆ ಒಟ್ಟು ಬ್ಯಾಟಿಗೆ ಬಂದ ಸರದಿಗಳ ಲೆಕ್ಕ ಸಿಗಬೇಕು. ಏಳು ಇನಿಂಗ್ಸ್ ಆಡಿದ ತಂಡಕ್ಕೆ 21 ಔಟ್. ರನ್ 5, ಬೇಸಿನಲ್ಲಿ ಉಳಿದವರು 6 ಎಂದಿಟ್ಟುಕೊಳ್ಳಿ. ಒಟ್ಟು 32. ಒಂಬತ್ತು ಜನರ ಸರದಿ ಮೂರು ಸುತ್ತು ಎಂದರೆ 27, ಮೇಲೆ 5. ಅಂದರೆ ಕೊನೆಗೆ ಬ್ಯಾಟ್ ಮಾಡಿದವನು ಸರದಿಯಲ್ಲಿ ಐದನೆಯವನೇ ಆಗಿರಬೇಕು. ಪುಸ್ತಕದಲ್ಲೂ ಅವನೇ ಇದ್ದರೆ ಐದು ರನ್ನೇ ಸರಿ. ಆರು ರನ್ ಎನ್ನುವವರು ಉಳಿದವರಲ್ಲಿ ಒಬ್ಬನನ್ನು ಕಡಿಮೆ ಮಾಡಿ ತೋರಿಸಬೇಕಾಗುತ್ತದೆ. ಆಗ ‘ಆ ಆರನೇ ರನ್ ಮಾಡಿದವನ ಹೆಸರೇನು, ಯಾವ ಇನಿಂಗ್ಸ್?’ ಎಂದು ಕೇಳಿ. ಹೆಸರಿಲ್ಲದ ರನ್ ರನ್ನಲ್ಲ.

ಎರಡು ಕಡೆ ಹುಷಾರು. ಕೊನೆಯ ಇನಿಂಗ್ಸಿನಲ್ಲಿ ಹೋಂ ಟೀಂ ಬ್ಯಾಟ್ ಮಾಡದೇ ಗೆದ್ದಿದ್ದರೆ ಅವರ ಔಟ್ 18 ಮಾತ್ರ. ಸ್ಕೋರ್ ಸಮವಾಗಿ ಟೈಬ್ರೇಕರ್ ಆಡಿದ್ದರೆ, ಇನಿಂಗ್ಸ್ ಶುರುವಿಗೇ ಎರಡನೇ ಬೇಸಿನಲ್ಲಿ ನಿಲ್ಲಿಸಿದ ರನ್ನರ್ ಬ್ಯಾಟಿಗೆ ಬಂದವನಲ್ಲ. ಅಂಥ ಪ್ರತಿ ಇನಿಂಗ್ಸಿಗೂ ಸರದಿಗಳ ಲೆಕ್ಕಕ್ಕೆ ಒಂದು ಸೇರಿಸಿಕೊಂಡು ತಾಳೆ ನೋಡಿ.

ನಾನು ಈ ಕೂಡುವ ಲೆಕ್ಕವನ್ನು ಸ್ಕೋರರ್ ಕೈಯಲ್ಲೇ ಮಾಡಿಸುತ್ತೇನೆ. ತಾವೇ ಕಂಡುಕೊಂಡ ತಪ್ಪನ್ನು ಜನ ತಾವೇ ತಿದ್ದುತ್ತಾರೆ.

ಹಂತ 10: ಸಹಿ, ವರದಿ

ಶೀಟಿಗೆ ಸಹಿ ಹಾಕುವ ಮುನ್ನ ರನ್ನಿನ ಸಾಲನ್ನು ಮಾತ್ರ ನೋಡಿ. ಸ್ಕೋರರ್ ತಮ್ಮ ಹುಡುಗನ ಎರರನ್ನು ಹಿಟ್ ಎಂದು ಬರೆದಿರಬಹುದು, ಹೊಟ್ಟೆ ಉರಿಯಬಹುದು. ಬಿಡಿ, ಅದು ಅವರ ಹೊಲ. ಗೆಲುವು ಸೋಲು ಅದರಿಂದ ಬದಲಾಗುವುದಿಲ್ಲ.

ಹಂತ 7ರ ತನಕ ಹೋಗಿದ್ದರೆ ಅವತ್ತೇ ವರದಿ ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ವಿರಾರ್ ಲೋಕಲ್ಲಿನಲ್ಲಿ ಅರ್ಧ ಮರೆತಿರುತ್ತದೆ. ‘ಸ್ಕೋರರ್ ಕೆಟ್ಟದಾಗಿ ನಡೆದುಕೊಂಡರು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಐದನೇ ಇನಿಂಗ್ಸ್, ಒಂದು ಔಟ್, ಮುಂದಿನ ಪಿಚ್‌ಗೆ ಮೊದಲು ಸರದಿ ತಪ್ಪಿದ್ದನ್ನು ಗಟ್ಟಿಯಾಗಿ ಹೇಳಿದರು, ಎರಡೂ ಕೋಚ್‌ಗಳ ಎದುರು ಎಚ್ಚರಿಕೆ ಕೊಟ್ಟೆ’ ಎಂದು ಬರೆಯಿರಿ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆಯಿರಿ. ನಿಮ್ಮ ಕಡೆಯಿಂದ ಸನ್ನೆ ತಪ್ಪಿದ್ದರೆ ಅದನ್ನೂ ಸೇರಿಸಿ. ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಆಯೋಜಕರ ಕೈಗೆ ಕೊಟ್ಟು, ಕೊಟ್ಟದ್ದರ ಒಂದು ಫೋಟೋ ಇಟ್ಟುಕೊಳ್ಳಿ.

ಆಮೇಲೆ ಮೇಜಿನ ಹತ್ತಿರ ಹೋಗಿ ಸ್ಕೋರರ್‌ಗೂ ಒಂದು ಕಟಿಂಗ್ ಚಹಾ ಹೇಳಿ. ಮುಂದಿನ ಭಾನುವಾರ ಅದೇ ಮೈದಾನ, ಅದೇ ಮೇಜು, ಬಹುಶಃ ಅವರೇ ಕೂತಿರುತ್ತಾರೆ.